ಅತ್ತೆ ಬೆಳಗಿದ ತಪ್ಪಲೆ

ನಾನು ಮದುವೆಯಾಗಿ ಬಂದ ಮನೆ ದೇವನಹಳ್ಳಿಯಿಂದ ಹತ್ತಿರದ ಚನ್ನರಾಯಪಟ್ಟಣದ ಕಡೆಗೆ ಹೋಗುವ ಗಾಡಿ ದಾರಿಯ ಮಗ್ಗುಲಲ್ಲಿದ್ದ ಒಂದು ಸಣ್ಣ ಊರಿನಲ್ಲಿತ್ತು. ಮುಂದೆ ರಾಗಿ ಹೊಲ, ಹಿಂದೆ ಹಿತ್ತಲು. ಹಿತ್ತಲಿನಲ್ಲಿ ಒಂದು ಹೊಂಗೆ ಮರ, ಅದರ ನೆರಳಿಗೆ ಬಾವಿ, ಬಾವಿಯ ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು. ಆ ಕಲ್ಲಿನ ಮೇಲೆ ಕೂತು ಪಾತ್ರೆ ಬೆಳಗುವವರು ನಮ್ಮ ಅತ್ತೆ. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ಕೂರುತ್ತಿರಲಿಲ್ಲ. ಮಾವನವರು ಹೊಲದಿಂದ ಬಂದು ಕಾಲು ತೊಳೆಯುವಾಗಲೂ ಆ ಕಲ್ಲನ್ನು ಬಿಟ್ಟು ಒಂದು ಮಾರು ಆಚೆ ನಿಲ್ಲುತ್ತಿದ್ದರು.

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಜನ ಸಾಲು ನಿಲ್ಲುತ್ತಿದ್ದರು. ಪೇಟೆಯಲ್ಲಿ ಸೋಪಿಗೂ ಬರ ಬಂದಿದೆ ಎನ್ನುತ್ತಿದ್ದರು. ನಮ್ಮ ಮನೆಗೆ ಸೋಪು ಮೊದಲೂ ಬಂದದ್ದಿಲ್ಲ, ಹಾಗಾಗಿ ಅದು ಸಿಗದೆ ಹೋದದ್ದು ನಮಗೆ ತಿಳಿಯಲೇ ಇಲ್ಲ. ಮನೆ ಚೊಕ್ಕ ಮಾಡಲು ಬೇಕಾದದ್ದೆಲ್ಲ ಒಲೆಯಲ್ಲಿ, ಕೊಟ್ಟಿಗೆಯಲ್ಲಿ, ಬೇಲಿಯ ಸಾಲಿನಲ್ಲಿ ಇತ್ತು. ನೆಲಕ್ಕೆ ಸಗಣಿ, ಅದಕ್ಕೆ ಸುಟ್ಟ ಹುಲ್ಲಿನ ಕರಿ ಕಲಸಿ ಸಾರಿಸಿದರೆ ನೆಲ ಕಪ್ಪಗೆ, ತಣ್ಣಗೆ ಇರುತ್ತಿತ್ತು. ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಅದೇ ಕಾರಣೆ. ಕಂಬಳಿ, ದುಪ್ಪಟಿಗಳನ್ನು ಒಗೆಯಲು ಕೆರೆಯಂಗಳದ ಚೌಳು ಮಣ್ಣು. ರಾಗಿ ತುಂಬಿದ ಗುಡಾಣಕ್ಕೆ ಹುಳು ಹತ್ತದಂತೆ ಲಕ್ಕಿ ಸೊಪ್ಪು. ಎಣ್ಣೆ ಜಿಡ್ಡಿಗೆ ಅಂಟುವಾಳದ ಕಾಯಿ ನೆನೆಸಿದ ನೊರೆ ನೀರು.

ಪಾತ್ರೆಗೆ ಬೂದಿ ಮತ್ತು ಹುಣಸೆಹಣ್ಣು. ಬೂದಿಯೆಂದರೆ ಎಲ್ಲ ಬೂದಿಯೂ ಒಂದೇ ಎಂದುಕೊಂಡು ಬಂದವಳು ನಾನು. ಅತ್ತೆಯ ಬಳಿ ಬೂದಿಗೂ ಜಾತಿಯಿತ್ತು. ಜಾಲಿ ಸೌದೆಯ ಬೂದಿ ಒರಟು, ಕರಿ ಹಿಡಿದ ತಳಕ್ಕೆ ಅದು. ಹುಣಸೆ ಕೊಂಬೆಯ ಬೂದಿ ನುಣುಪು, ಹಿತ್ತಾಳೆಯ ಮೈಗೆ ಅದು. ಬೆರಣಿ ಬೂದಿಯನ್ನು ಹಲ್ಲುಜ್ಜಲು ಬೇರೆಯಾಗಿ ತೆಗೆದಿಡುತ್ತಿದ್ದರು. ಒಲೆ ಆರಿದ ಮೇಲೆ ಬೂದಿಯನ್ನು ಹಳೆಯ ಸೀರೆ ತುಂಡಿನಲ್ಲಿ ಸೋಸಿ, ಇದ್ದಿಲ ಚೂರು, ಮರಳು ಏನೂ ಉಳಿಯದಂತೆ ಮಾಡಿ, ಬೇರೆ ಬೇರೆ ಕುಡಿಕೆಗಳಲ್ಲಿ ತುಂಬಿಡುತ್ತಿದ್ದರು. ಸಾರಿಗೆ ಹಿಂಡಿ ಉಳಿದ ಹುಣಸೆಯ ಚರಟವನ್ನು ನಾನೊಮ್ಮೆ ತಿಪ್ಪೆಗೆ ಎಸೆದಿದ್ದೆ.

"ಅಯ್ಯೋ ನನ್ನವ್ವ, ಅರ್ಧ ಜೀವ ಇತ್ತಲ್ಲೇ ಅದಕ್ಕೆ!" ಎಂದು ತಿಪ್ಪೆಯವರೆಗೂ ನನ್ನನ್ನು ಓಡಿಸಿದ್ದರು.

ಮೊದಲು ಹುಣಸೆ ಸವರಿ ಹಿತ್ತಾಳೆಯ ಕರೆ ಬಿಡಿಸಬೇಕು, ಆಮೇಲೆ ಬೂದಿ, ತೆಂಗಿನ ನಾರಿನಲ್ಲಿ ಉಜ್ಜಬೇಕು, ಆಮೇಲೆ ನೀರು, ಇನ್ನೊಂದು ನೀರು, ಕೊನೆಗೆ ಒಣ ಬಟ್ಟೆ, ಬಿಸಿಲು. ಹುಳಿ ಒಂದಿಷ್ಟು ಉಳಿದರೂ ಸಂಜೆಯೊಳಗೆ ಪಾತ್ರೆ ಮಂಕಾಗುತ್ತದೆ ಎಂದು ಅವರು ಹೇಳಿದ್ದು ಈಗಲೂ ನಿಜವೇ. ಹಬ್ಬ ಹತ್ತಿರ ಬಂದರೆ, ಮದುವೆ ಗೊತ್ತಾದರೆ, ಊರಿನ ಹೆಂಗಸರು ತಮ್ಮ ತಮ್ಮ ಮನೆಯ ಹಿತ್ತಾಳೆ ಪಾತ್ರೆಗಳನ್ನು ಹೊತ್ತು ನಮ್ಮ ಹಿತ್ತಲಿಗೆ ಬರುತ್ತಿದ್ದರು. "ಅಕ್ಕಾ, ನಿನ್ ಕೈಯಿಂದ ಒಂದು ಸತಿ ಆಗ್ಲಿ" ಎನ್ನುತ್ತಿದ್ದರು. ಅತ್ತೆ ಬೇಡವೆನ್ನುತ್ತಿರಲಿಲ್ಲ. ಅವರಿಗೆ ಅದು ಬೇಕಾಗಿತ್ತು.

ಬೇಕಾಗಿತ್ತು ಎಂದು ನನಗೆ ತಿಳಿದದ್ದು ಸ್ವಲ್ಪ ನಿಧಾನವಾಗಿ. ಅತ್ತೆಯ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಮನೆಯಲ್ಲಿ ಅದರ ಮಾತು ಎತ್ತುವ ಹಾಗಿರಲಿಲ್ಲ. ಅವರೂ ಎತ್ತುತ್ತಿರಲಿಲ್ಲ. ಒಂದೊಂದೇ ಕೆಲಸ ಅವರ ಕೈಯಿಂದ ನನ್ನ ಕೈಗೆ ಸರಿಯುತ್ತಿತ್ತು, ಅಷ್ಟೆ. ನಾನು ಬಂದ ಹೊಸತರಲ್ಲೇ ರಾಗಿಯಲ್ಲಿ ಕಲ್ಲು ಆರಿಸುವುದು ನನ್ನದಾಯಿತು. "ನಂಗೆ ಸೊಂಟ ನೋವು, ನೀನ್ ಮಾಡು" ಎಂದರು. ಸೊಪ್ಪು ಬಿಡಿಸುವುದು ಬಂತು. ದೀಪಕ್ಕೆ ಬತ್ತಿ ಹಾಕುವುದು ಬಂತು. ಬಾಗಿಲ ಮುಂದಿನ ರಂಗೋಲಿಯ ಗೆರೆ ಒಂದು ದಿನ ಹೊಸಿಲಿನಿಂದ ಆಚೆ ಹೋಗಿ ಚರಂಡಿಗೆ ಇಳಿದಿತ್ತು. ಮಾರನೆಯ ದಿನದಿಂದ ರಂಗೋಲಿಯ ಕರಟವೂ ನನ್ನ ಕೈಗೆ ಬಂತು. ಪಾತ್ರೆ ಬೆಳಗುವ ಕಲ್ಲು ಮಾತ್ರ ಅವರು ಬಿಡಲಿಲ್ಲ. ಪಾತ್ರೆಗಳನ್ನು ಅವರು ಕೈಯಿಂದಲೇ ಬಲ್ಲವರು, ಅದಕ್ಕೆ ಕಣ್ಣು ಬೇಕಿರಲಿಲ್ಲ.

ಒಮ್ಮೆ ನಾನು, "ಕೊಡಿ ಅತ್ತೆ, ನಾನ್ ಬೆಳಗ್ತೀನಿ, ನೀವು ಒಳಗೆ ಕೂತ್ಕಳಿ" ಎಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಅವರು ನಾರನ್ನು ಕಲ್ಲಿನ ಮೇಲಿಟ್ಟರು. "ಒಳಗೆ ಕೂತ್ಕಂಡು ಏನ್ ಮಾಡ್ಲವ್ವ? ಕಂಬ ಕಾಯ್ಲಾ? ಕೈಗೆ ಕೆಲ್ಸ ಇರೋಗಂಟ ನಾನು ಈ ಮನೆಯೋಳು. ಅದೂ ಹೋದ್ರೆ ಉಣ್ಣೋದೊಂದ್ ಬಾಯಿ."

ಆಮೇಲೆ ನಾನು ಕೇಳಲಿಲ್ಲ.

ಹಿತ್ತಾಳೆಯ ಅಡಿಗೆ ಪಾತ್ರೆಗೆ ಒಳಗಡೆ ಕಲಾಯಿ ಇರಬೇಕು. ಈಗಿನವರು ಬಹಳ ಜನ ಅದನ್ನು ಕಂಡಿಲ್ಲ. ಬಿಳಿಯ ತವರವನ್ನು ಕಾದ ಪಾತ್ರೆಯ ಒಳಗೆ ತೆಳ್ಳಗೆ ಸವರುತ್ತಿದ್ದರು. ಅದಿಲ್ಲದೆ ಬರಿ ಹಿತ್ತಾಳೆಯಲ್ಲಿ ಹುಳಿ ಹಾಕಿ ಬೇಯಿಸಿದರೆ, ಹಸಿರು ಕಿಲುಬು ಬಿಟ್ಟು ಅಡಿಗೆ ವಿಷವಾಗುತ್ತದೆ. ವರ್ಷಕ್ಕೊಮ್ಮೆ ಪಕ್ಕದ ವಿಜಯಪುರದ ಕಡೆಯಿಂದ ಕಲಾಯಿ ಸಾಬರು ಗಾಳಿ ಊದುವ ತಿದಿ ಹೊತ್ತು ಬರುತ್ತಿದ್ದರು. ಹೊಂಗೆ ಮರದ ಕೆಳಗೆ ಗುಳಿ ತೋಡಿ, ಇದ್ದಿಲು ಊದಿ, ನವಸಾಗರದ ಹೊಗೆ ಎಬ್ಬಿಸಿ, ಊರಿನ ಪಾತ್ರೆಗಳನ್ನೆಲ್ಲ ಬೆಳ್ಳಗೆ ಮಾಡಿ ಹೋಗುತ್ತಿದ್ದರು. ಆ ವರ್ಷ ಯುಗಾದಿ ಕಳೆದ ಮೇಲೆ ಬಂದರು, ತಿದಿ ಇಲ್ಲದೆ.

"ತವರ ಇಲ್ಲ ಅಮ್ಮಾ," ಎಂದರು. "ಅದ್ಯಾವ್ದೋ ದೂರದ್ ಸೀಮೆಯಿಂದ ಬರ್ತಿತ್ತಂತೆ. ಆ ಸೀಮೇನ ಜಪಾನ್‌ನೋರು ಹಿಡ್ಕಂಡವ್ರಂತೆ. ಪೇಟೇಲಿ ಕೇಳಿದ್ರೆ ಅಂಗಡಿಯೋರು ನಗ್ತಾರೆ."

"ನಮ್ ತಪ್ಪಲೆಗೂ ಜಪಾನ್‌ನೋರಿಗೂ ಏನ್ ಸಾಬ್ರೆ ಸಂಬಂಧ?" ಎಂದರು ಅತ್ತೆ.

"ಅದೇ ನಂಗೂ ತಿಳೀತಿಲ್ಲ. ಸಂತೇಲಿ ಬೀಗ ರಿಪೇರಿ ಮಾಡ್ಕಂಡು ಕೂತಿವ್ನಿ."

ಅವರು ನಮ್ಮ ದೊಡ್ಡ ತಪ್ಪಲೆಯನ್ನು ಬಿಸಿಲಿಗೆ ಓರೆ ಮಾಡಿ ಒಳಗೆ ನೋಡಿದರು. ಅದು ಅತ್ತೆಯ ಅತ್ತೆ ಕಾಲದ ತಪ್ಪಲೆ. ಹಿರಿಯರ ಹಬ್ಬದ ದಿನ, ಎಂದರೆ ಮಹಾಲಯ ಅಮಾವಾಸ್ಯೆಗೆ, ತೀರಿಹೋದವರಿಗೆ ಎಡೆ ಇಡುವ ಸಾರು ಅದರಲ್ಲೇ ಆಗಬೇಕು ಎಂಬುದು ಆ ಮನೆಯ ಪದ್ಧತಿ.

"ಇರೋ ಕಲಾಯಿನ ಜೋಪಾನ ಮಾಡ್ಕಳಿ ಅಮ್ಮಾ. ಹೊರಗಡೆ ಎಷ್ಟಾದ್ರೂ ಉಜ್ಜಿ. ಒಳಗಡೆ ಬೂದಿ, ಹುಣಸೇಹಣ್ಣು ಬ್ಯಾಡ. ಅಂಟುವಾಳದ ನೀರು, ಮೆತ್ತನ್ ಬಟ್ಟೆ, ಅಷ್ಟೇ."

"ನಂಗೇ ಪಾತ್ರೆ ಬೆಳಗೋದ್ ಹೇಳ್ಕೊಡ್ತೀರಲ್ಲ ಸಾಬ್ರೆ."

"ಊರಿಗೇ ಹೇಳ್ಕೊಡೋರು ನೀವು. ನಾನ್ಯಾವನು!" ಎಂದು ನಕ್ಕು, ಒಂದು ಲೋಟ ಮಜ್ಜಿಗೆ ಕುಡಿದು ಹೋದರು.

ಅತ್ತೆ ಆ ಮಾತನ್ನು ತಳ್ಳಿಹಾಕಲಿಲ್ಲ. ಅಂದಿನಿಂದ ಅಂಟುವಾಳ ಜಜ್ಜಿ ನೆನೆಸಿದ ನೀರಿನಲ್ಲೇ ಒಳಗಡೆ ತೊಳೆಯತೊಡಗಿದರು. ಆದರೆ ತೊಳೆದಾದ ಮೇಲೆ ಬೆರಳಿನಿಂದ ಒಳಮೈಯನ್ನು ಸವರಿ ನೋಡುವುದು ಅವರ ಅಭ್ಯಾಸ. ಹಿತ್ತಾಳೆ ಚೊಕ್ಕವಾದರೆ ಬೆರಳಿಗೆ ಕಿರ್ ಎನ್ನುತ್ತದೆ. ಕಲಾಯಿ ಹಾಗಲ್ಲ. ಅದರ ಮೈ ಮೆತ್ತಗೆ, ಬೆರಳು ಜಾರುತ್ತದೆ. ಕಣ್ಣು ಚೆನ್ನಾಗಿದ್ದಾಗ ಬೆಳ್ಳಗಿರುವುದನ್ನು ನೋಡಿ, ಇದು ಕಲಾಯಿ, ಸಾಕು ಎಂದು ಬಿಡುತ್ತಿದ್ದವರು. ಈಗ ಅವರಿಗೆ ಬಿಳಿಯೂ ಒಂದೇ, ಹಳದಿಯೂ ಒಂದೇ. ಉಳಿದದ್ದು ಬೆರಳು. ಆ ಬೆರಳು, ಜಿಡ್ಡು ಇನ್ನೂ ಹೋಗಿಲ್ಲ ಎಂದು ಹೇಳುತ್ತಿತ್ತು. ಸಾಬರು ಹೇಳಿದ್ದು ನೆನಪಿದ್ದರೂ ಜಿಡ್ಡಿನ ಪಾತ್ರೆಯನ್ನು ಒಳಗೆ ಕಳಿಸಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಒಂದು ಚಿಟಿಕೆ ಬೂದಿ ಹಾಕುತ್ತಿದ್ದರು. ಕಿರ್ ಎನ್ನುವ ತನಕ ಉಜ್ಜುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅವರು ಬೆಳಗುವ ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತಿದ್ದೆ.

ನಮ್ಮದು ಹೆಚ್ಚಾಗಿ ಮಡಕೆಯ ಅಡಿಗೆ. ಜನ ಹೆಚ್ಚಾದಾಗ ಮಾತ್ರ ತಪ್ಪಲೆ ಅಟ್ಟದಿಂದ ಇಳಿಯುತ್ತಿತ್ತು. ಆ ಮುಂಗಾರಿನಲ್ಲಿ ರಾಗಿ ಹೊಲದ ಕಳೆಗೆ ಆಳುಗಳು ಮತ್ತೆ ಮತ್ತೆ ಬಂದರು, ತಪ್ಪಲೆಯೂ ಮತ್ತೆ ಮತ್ತೆ ಇಳಿದು ಕಲ್ಲಿಗೆ ಹೋಗಿ ಬಂತು. ಗೌರಿ ಹಬ್ಬ ಕಳೆದ ಮೇಲೆ ಕೊನೆಯ ಕಳೆ. ಆ ದಿನ ಹುರುಳಿಕಾಳು ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಹುಣಸೆಹಣ್ಣು ಹಿಂಡಿ ಬಸ್ಸಾರು ಮಾಡಿದ್ದೆ. ಆಳುಗಳು ಮಧ್ಯಾಹ್ನವೇ ಉಂಡು ಹೋದರು. ಬಸ್ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ ಎಂದು ಎಲ್ಲರಿಗೂ ಗೊತ್ತು. ಉಳಿದದ್ದನ್ನು ತಪ್ಪಲೆಯಲ್ಲೇ ಮುಚ್ಚಿಟ್ಟೆ. ಬೆಳಿಗ್ಗೆ ನಮ್ಮೆಲ್ಲರಿಗಿಂತ ಮೊದಲು ಮಾವನವರು ಬಿಸಿ ಮುದ್ದೆಗೆ ಅದನ್ನೇ ಬಡಿಸಿಕೊಂಡು ಉಂಡು ಎದ್ದರು. ಕೊಟ್ಟಿಗೆಯವರೆಗೂ ಹೋಗಲಿಲ್ಲ. ಗೋಡೆ ಹಿಡಿದು ಕುಕ್ಕರಿಸಿದರು. ವಾಂತಿ ನಿಲ್ಲಲೇ ಇಲ್ಲ. ಬಿಸಿಲೇರುವ ಹೊತ್ತಿಗೆ ಮುಖ ಬಾಡಿದ ಎಲೆಯ ಹಾಗಾಗಿ ಚಾಪೆಯ ಮೇಲೆ ಮಲಗಿದರು.

ಎದುರು ಮನೆಯಿಂದ ದೊಡ್ಡತ್ತೆ ಓಡಿ ಬಂದರು. ಮಾವನವರ ಅಣ್ಣನ ಹೆಂಡತಿ ಅವರು, ಅತ್ತೆಗೆ ಓರಗಿತ್ತಿ. ಮಜ್ಜಿಗೆ ಕುಡಿಸಿದರು, ಅಂಗಾಲಿಗೆ ಬೂದಿ ಉಜ್ಜಿದರು, ಇವತ್ತಿಗೂ ನಾನು ಆ ಉಪಕಾರ ಮರೆತಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ.

"ಈ ಮನೇಲಿ ಬಸ್ಸಾರು ಉಂಡು ಯಾರಾದ್ರೂ ಮಲಗಿದ್ದುಂಟಾ? ಹೊಸ ಕೈ ಬಂತು ನೋಡು. ಕೈಗುಣ ಅಂತ ಒಂದಿರ್ತದೆ ಕಣಮ್ಮ, ಅದು ತವರಿಂದ್ಲೇ ಬರ್ಬೇಕು."

ಅತ್ತೆ ಮಾವನವರ ತಲೆ ಹಿಡಿದು ಕೂತಿದ್ದರು. ನಾನು ಉಳಿದ ಸಾರನ್ನು ಚೆಲ್ಲಲು ತಪ್ಪಲೆ ಎತ್ತಿಕೊಂಡು ತಿಪ್ಪೆಯ ಕಡೆ ಹೋದೆ. ನಮ್ಮ ಅಡಿಗೆ ಮನೆಗೆ ಬೆಳಕು ಕಡಿಮೆ, ಗವಾಕ್ಷಿಯಿಂದ ಬರುವಷ್ಟೇ. ಬಯಲಿನ ಬಿಸಿಲಿನಲ್ಲಿ ತಪ್ಪಲೆಯ ಒಳಗನ್ನು ನಾನು ಆವರೆಗೆ ಸರಿಯಾಗಿ ನೋಡಿರಲಿಲ್ಲ. ಸಾರು ಚೆಲ್ಲಿದ ಮೇಲೆ ನೋಡಿದೆ. ಹೊರಗೆ ಎಷ್ಟು ಹಳದಿಯೋ ಒಳಗೂ ಅಷ್ಟೇ ಹಳದಿ. ಬಿಳುಪು ಕತ್ತಿನ ಬಳುಕಿನಲ್ಲಿ, ನಾರು ಸರಿಯಾಗಿ ತಾಗದ ಕಡೆ, ಒಂದು ಬಳೆಯಷ್ಟು ಉಳಿದಿತ್ತು. ಅದರ ಕೆಳಗೆ ಸಾರು ನಿಂತಿದ್ದ ಗೆರೆಯುದ್ದಕ್ಕೂ ಹಸಿರು.

ನಮ್ಮ ಯಜಮಾನರು ಹೊಲದಿಂದ ಬಂದ ಕೂಡಲೇ ಹಿತ್ತಲಿಗೆ ಕರೆದು ತೋರಿಸಿದೆ. ಅವರು ಆ ಹಸಿರನ್ನು ಉಗುರಿನಿಂದ ಕೆರೆದು ನೋಡಿದರು.

"ಅಮ್ಮಂಗೆ ಹೇಳ್ಬ್ಯಾಡ," ಎಂದರು.

"ಹೇಳ್ದಿದ್ರೆ ಹೆಂಗೆ? ಎಲ್ಲಾ ಪಾತ್ರೇನೂ ಹಿಂಗೇ ಮಾಡವ್ರೆ."

"ಮಡಕೇಲಿ ಮಾಡು. ತಪ್ಪಲೆ ಇಳಿಸ್ಬ್ಯಾಡ. ಇದೊಂದ್ ಕೆಲ್ಸಾನೂ ಕಿತ್ಕಂಡ್ರೆ ಅವ್ಳಿಗೇನ್ ಉಳೀತದೆ ಹೇಳು?"

"ದೊಡ್ಡತ್ತೆ ನನ್ ಕೈ ಅಂತಾವ್ರೆ."

ಯಜಮಾನರು ತಪ್ಪಲೆಯನ್ನು ತಾವೇ ಅಟ್ಟಕ್ಕೆ ಏರಿಸಿದರು.

ಮಾವನವರು ನಿಧಾನವಾಗಿ ಚೇತರಿಸಿಕೊಂಡರು. ಗಂಜಿಯಿಂದ ಅಂಬಲಿಗೆ, ಅಂಬಲಿಯಿಂದ ಮುದ್ದೆಗೆ ಬಂದರು. ನಾನು ಎಲ್ಲವನ್ನೂ ಮಡಕೆಯಲ್ಲೇ ಮಾಡತೊಡಗಿದೆ. ಮಡಕೆಗೆ ಬೂದಿ ಹಾಕುವಂತಿಲ್ಲ, ಬಿಸಿನೀರು, ನಾರು, ಬಿಸಿಲು, ಅಷ್ಟೆ. ನಾನೇ ತೊಳೆದು ಬೋರಲು ಹಾಕುತ್ತಿದ್ದೆ. ಅತ್ತೆಯ ಕಲ್ಲಿಗೆ ನೀರಿನ ಬಿಂದಿಗೆ, ಚೊಂಬು, ಉಣ್ಣುವ ತಣಿಗೆ ಇಷ್ಟೇ ಹೋಗುತ್ತಿದ್ದವು. ಅವರು ಬೆಳಗಿದ್ದನ್ನೇ ಬೆಳಗುತ್ತಿದ್ದರು. ಕೇಳುತ್ತಾರೆ, ಇವತ್ತು ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೇಳಲಿಲ್ಲ. ಆದರೆ ಬಾವಿಕಟ್ಟೆಯಲ್ಲಿ ದೊಡ್ಡತ್ತೆ ಇತರ ಹೆಂಗಸರ ಮುಂದೆ, "ಹಿರಿಯರ ಹಬ್ಬದ ಅಡಿಗೆಗೆ ಆ ಹುಡುಗಿ ಕೈ ಹಾಕೋದ್ ಬ್ಯಾಡ. ಸತ್ತೋರಿಗೂ ಕೈಗುಣ ತಿಳೀತದೆ" ಎಂದದ್ದು ನನ್ನ ಕಿವಿಗೆ ಬಿದ್ದ ಹಾಗೆ ಅವರ ಕಿವಿಗೂ ಬಿದ್ದಿತ್ತು. ಕಣ್ಣು ಹೋದಂತೆಲ್ಲ ಅವರ ಕಿವಿ ಚುರುಕಾಗುತ್ತಿತ್ತು.

ಹಬ್ಬಕ್ಕೆ ಮನೆ ಸಾರಿಸಿ ಸುಣ್ಣ ಬಳಿಯುವ ಕೆಲಸ ಹಿಡಿದೆವು. ಹಿರಿಯರು ಬರುವ ಮನೆ ಮೂಲೆ ಮೂಲೆಯೂ ಚೊಕ್ಕವಾಗಿರಬೇಕು ಎಂಬುದು ನಂಬಿಕೆ. ಅಟ್ಟದ ಧೂಳು, ಜೇಡರ ಬಲೆ ತೆಗೆದು ಬೇವಿನ ಸೊಪ್ಪಿನ ಹೊಗೆ ಹಾಕಿದೆವು. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುವ ಸದ್ದು ಕೇಳಲು ಅತ್ತೆ ಸುಣ್ಣದ ಗುಡಾಣದ ಪಕ್ಕ ಬಂದು ನಿಂತರು. "ಇನ್ನೂ ಕಲ್ಲು ಉಳ್ದೈತೆ, ಬಿಡು ಇನ್ನೊಂದ್ ಗಳಿಗೆ" ಎಂದು ಕಿವಿಯಲ್ಲೇ ಹೇಳಿದರು. ಸೋಸಿದ ಸುಣ್ಣವನ್ನು ಯಜಮಾನರು ಗೋಡೆಗೆ ಬಳಿದರು, ನಾನು ಕೆಮ್ಮಣ್ಣಿನ ಕಾರಣೆ ಎಳೆದೆ. ನಡುಮನೆಯ ನೆಲಕ್ಕೆ ಸಗಣಿ ಸಾರಿಸಿ, ಅದು ಒಣಗುವ ತನಕ ಎಲ್ಲರೂ ಜಗಲಿಯಲ್ಲಿ ಕೂತೆವು. ಹೊಸ ಸುಣ್ಣ, ಹಸಿ ಸಗಣಿ, ಬೇವಿನ ಹೊಗೆ ಕೂಡಿದ ಆ ವಾಸನೆಯಲ್ಲಿ ಸತ್ತವರು ಬರುತ್ತಾರೆ ಎನ್ನುವುದು ನನಗೆ ಆಗ ಸುಳ್ಳೆನಿಸಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅತ್ತೆ, "ತಪ್ಪಲೆ ಇಳ್ಸು" ಎಂದರು.

ಇಳಿಸಲೇಬೇಕಾಯಿತು. ಅದನ್ನು ಕಲ್ಲಿನ ಮೇಲಿಟ್ಟು ನಾನು ಪಕ್ಕದಲ್ಲೇ ನಿಂತೆ. ಅವರು ಹುಣಸೆಗೆ ಕೈ ಹಾಕಲಿಲ್ಲ. ತಪ್ಪಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಬಾಯಿಗೆ ಮುಖ ಒಡ್ಡಿ ಮೂಸಿದರು.

"ಇಷ್ಟ್ ದಿನದಿಂದ ಮಡಕೇಲೇ ಮಾಡ್ತಿದ್ದೀಯಲ್ಲವ್ವ. ಯಾಕೆ?"

ನಾನು ಹುಣಸೆಯ ಚರಟವನ್ನು ಅವರ ಕೈಗೆ ಸಿಗದಷ್ಟು ದೂರ ಸರಿಸಿದೆ.

"ಒಳಗಡೆ ಯಾವ್ ಬಣ್ಣ ಐತೆ?"

ಮಾವನವರ ಮುಖ ನೆನಪಾಯಿತು, ಯಜಮಾನರ ಮಾತೂ ನೆನಪಾಯಿತು. ನಾಳೆ ಈ ತಪ್ಪಲೆಯಲ್ಲಿ ಸಾರು ಕುದಿದರೆ ಎಡೆ ಎತ್ತಿದ ಮೇಲೆ ಅದನ್ನು ಇಡೀ ವಂಶ ಕೂತು ಉಣ್ಣುತ್ತದೆ. "ಹಳದಿ, ಅತ್ತೆ," ಎಂದೆ.

"ಪೂರ್ತಿ?"

"ಕತ್ತಿನ್ ತಾವ ಒಂಚೂರು ಬಿಳುಪು ಐತೆ."

"ನನ್ ಬೆರಳು ತಗಂಡ್ ಅಲ್ಲಿಡು."

ಅವರ ತೋರುಬೆರಳನ್ನು ಹಿಡಿದು ಕತ್ತಿನ ಬಳುಕಿನ ಮೇಲಿಟ್ಟೆ. ಬೂದಿಯಿಂದ ಸವೆದು ಗೆರೆಯೇ ಇಲ್ಲದ ಬೆರಳು. ಅದು ಬಿಳುಪಿನ ಮೇಲೆ ಜಾರಿತು, ಕೆಳಗೆ ಬಂದು ಹಿತ್ತಾಳೆಯ ಮೇಲೆ ಕಿರ್ ಎಂದಿತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಕೆಳಗೆ ಬಂತು. ಎರಡರ ನಡುವಿನ ಅಂಚಿನ ಮೇಲೆ ನಿಂತಿತು.

"ಇದು ಜಿಡ್ಡಲ್ವಾ?"

"ಅಲ್ಲ ಅತ್ತೆ. ಅದೇ ಕಲಾಯಿ."

"ಜಿಡ್ಡು ಅಂತ ಉಜ್ಬುಟ್ನಲ್ಲವ್ವಾ..." ಎಂದರು. ಹೊಂಗೆಯ ಎಲೆಯೊಂದು ತಪ್ಪಲೆಯೊಳಗೆ ಬಿತ್ತು. ಅದನ್ನು ಕೈಯಾಡಿಸಿ ತೆಗೆದು ಆಚೆ ಹಾಕಿದರು. "ನಿಮ್ ಮಾವ ಮಲಗಿದ್ದು ಇದಕ್ಕೇನಾ?"

"ಹೂ."

"ನಿಂಗೊತ್ತಿತ್ತು."

"ಹೂ ಅತ್ತೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತಪ್ಪಲೆಯನ್ನು ನನ್ನ ಕಡೆ ತಳ್ಳಿ, "ಕುಂಬಾರ್ರ ಮನೆಯಿಂದ ಹೊಸ ಮಡಕೆ ತರ್ಸು. ದೊಡ್ದು" ಎಂದು ಹೇಳಿ ಎದ್ದರು. ಕಲ್ಲಿನ ಮೇಲೆ ಬೂದಿಯ ಕುಡಿಕೆ, ನಾರು, ಹುಣಸೆಯ ಚರಟ ಹಾಗೇ ಇದ್ದವು. ಅವರು ಅವನ್ನು ಎತ್ತಿಡದೆ ಒಳಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮಾವಾಸ್ಯೆಯ ದಿನ ಹೊಸ ಮಡಕೆಯಲ್ಲಿ ಸಾರು ಮಾಡಿದೆ. ನಾನೇ ಮಾಡಬೇಕು ಎಂದು ಅತ್ತೆ ಹೇಳಿದ್ದರು. ನಡುಮನೆಯಲ್ಲಿ ಕಳಸ ಇಟ್ಟು, ಹೊಸ ಬಟ್ಟೆ ಇಟ್ಟು, ಬಾಳೆ ಎಲೆಯಲ್ಲಿ ಎಡೆ ಬಡಿಸುವ ಹೊತ್ತಿಗೆ ದಾಯಾದಿಗಳೆಲ್ಲ ಬಂದು ಸೇರಿದರು. ದೊಡ್ಡತ್ತೆ ಬಂದವರು ಕಣ್ಣು ಹಾಯಿಸಿದ ಕೂಡಲೇ ನಿಂತರು.

"ಇದ್ಯಾಕೆ ಮಡಕೆ? ತಪ್ಪಲೆ ಎಲ್ಲಿ? ನಮ್ಮತ್ತೆ ಕಾಲದಿಂದ ನಡ್ಕಂಡ್ ಬಂದಿದ್ದು!" ಆಮೇಲೆ ನನ್ನನ್ನು ನೋಡಿದರು. "ಇವ್ಳ್ ಕೈಲೇ ಮಾಡಿಸ್ದಾ? ಅವತ್ತು ಆಗಿದ್ದು ಸಾಲ್ದಾ ನಿಂಗೆ?"

ಅತ್ತೆ ಕಂಬದ ಪಕ್ಕ ನಿಂತಿದ್ದರು. ದನಿ ಏರಿಸದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಪ್ಪಲೆ ಅಟ್ಟದ್ ಮೇಲೈತೆ ಕಣಕ್ಕ. ಅದ್ರ ಕಲಾಯಿ ಹೋಗೈತೆ. ನಾನೇ ಉಜ್ಜಿ ತೆಗ್ದೆ. ನಂಗೆ ಕಣ್ಣು ಕಾಣಕಿಲ್ಲ. ಅವತ್ತು ನಿನ್ ಮೈದ್ನಂಗೆ ಆಗಿದ್ದು ಕಿಲುಬು. ಹುಡ್ಗಿ ಕೈಯಲ್ಲ. ನನ್ ಕೈ."

ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಾತು ಅವರ ಬಾಯಿಂದಲೇ ಬಂದಾಗ ಯಾರೂ ತಲೆ ಎತ್ತಲಿಲ್ಲ. ಮಾವನವರು ಊದುಬತ್ತಿ ಹಿಡಿದುಕೊಂಡು ಹಾಗೇ ನಿಂತರು. ಯಜಮಾನರು ಗೋಡೆಯ ಕಡೆ ತಿರುಗಿದರು.

ದೊಡ್ಡತ್ತೆಯ ಮುಖ ಒಂದು ಗಳಿಗೆ ಏನೂ ಅರ್ಥವಾಗದವರ ಹಾಗಿತ್ತು. ಆಮೇಲೆ ಅವರಿಗೆ ಹೊಳೆಯಿತು. "ಗೌರಿ ಹಬ್ಬಕ್ಕೆ ನಮ್ ತಪ್ಪಲೇನೂ ನೀನೇ ಬೆಳಗ್ಕೊಟ್ಟಿದ್ದೆಯಲ್ಲೇ!"

"ಹೂ. ಹೋಗಿ ಬಿಸಿಲಿಗ್ ಹಿಡ್ದು ನೋಡ್ಕ. ಹಳದಿ ಕಂಡ್ರೆ ಹುಳಿ ಹಾಕ್ಬ್ಯಾಡ. ಬಾಕಿಯೋರ್ಗೂ ಹೇಳು."

ದೊಡ್ಡತ್ತೆ ಆ ಹೊತ್ತಿನಲ್ಲೇ ಎದುರಿನ ತಮ್ಮ ಮನೆಗೆ ಹೋದರು. ಎಡೆಗೆ ಧೂಪ ಹಾಕುವ ಹೊತ್ತಿಗೆ ತಿರುಗಿ ಬಂದರು. "ತಳ ಪೂರ್ತಿ ಹೋಗೈತೆ. ಸುತ್ತ ಉಳ್ದೈತೆ," ಎಂದಷ್ಟೇ ಹೇಳಿ ಹೆಂಗಸರ ಸಾಲಿನಲ್ಲಿ ಕೂತರು. ನಾನು ಮಡಕೆಯಿಂದ ಬಡಿಸುತ್ತ ಅವರ ಎಲೆಯ ಮುಂದೆ ಬಂದಾಗ ಒಂದು ಕ್ಷಣ ನಿಂತೆ. "ಹಾಕಮ್ಮ, ಯಾಕ್ ನಿಂತೆ? ಮುದ್ದೆ ಆರ್ತೈತೆ," ಎಂದರು. ಅವರ ಕಡೆಯಿಂದ ಅಷ್ಟೇ. ಕೈಗುಣದ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ.

ಅತ್ತೆ ಆ ದಿನ ಮುದ್ದೆಯನ್ನು ಅರ್ಧ ಬಿಟ್ಟರು.

ಸುಗ್ಗಿ ಮುಗಿದು ಮದುವೆಗಳು ಗೊತ್ತಾಗುವ ಕಾಲ ಬಂತು. ನಮ್ಮ ಹಿತ್ತಲಿನ ದಾರಿಯಲ್ಲೇ ಹೆಂಗಸರು ಪಾತ್ರೆ ಹೊತ್ತು ಕೆರೆಯ ಕಡೆ ಹೋಗುತ್ತಿದ್ದರು. ಹಿತ್ತಾಳೆಗೆ ಹಿತ್ತಾಳೆ ತಾಗುವ ಸದ್ದು ಬೇಲಿಯಾಚೆ ಕೇಳಿದಾಗ ಅತ್ತೆ ಜಗಲಿಯಲ್ಲಿ ಮಾತು ನಿಲ್ಲಿಸುತ್ತಿದ್ದರು. ಸದ್ದು ಬೇಲಿಯ ಬಳಿ ನಿಧಾನವಾಗುತ್ತಿತ್ತು. ಬಾಗಿಲು ದಾಟಿ ಯಾರೂ ಬರುತ್ತಿರಲಿಲ್ಲ. ಅದರಲ್ಲಿ ಕೆಟ್ಟತನವಿರಲಿಲ್ಲ, ಕಣ್ಣು ಕಾಣದ ಮುದುಕಿಗೆ ಯಾಕೆ ತೊಂದರೆ ಎಂದೇ ಅವರು ಅಂದುಕೊಂಡಿದ್ದಿರಬಹುದು. ಅತ್ತೆಗೆ ಅದು ಯಾವ ರೀತಿ ಕೇಳಿಸಿತೋ.

ಕಲ್ಲಿನ ಮೇಲೆ ಈಗ ನಾನು ಕೂರುತ್ತಿದ್ದೆ. ಕೂರದೆ ಬೇರೆ ದಾರಿಯಿರಲಿಲ್ಲ. ಮೊದಲ ದಿನ ನನಗೆ ಅದು ಬೇರೆಯವರ ಹಾಸಿಗೆಯ ಮೇಲೆ ಕೂತಂತೆ ಅನಿಸಿತು. ಅವರ ಕುಡಿಕೆಗಳಿಂದಲೇ ಬೂದಿ ತೆಗೆದುಕೊಂಡೆ. ಅವು ಖಾಲಿಯಾದಾಗ ನಾನೇ ಸೋಸಿ ತುಂಬಿದೆ, ಅವರಷ್ಟು ನುಣ್ಣಗೆ ಬರಲಿಲ್ಲ. ಅತ್ತೆ ಹಿತ್ತಲಿಗೆ ಬರುವುದನ್ನೇ ಬಿಟ್ಟರು. ನಡುಮನೆಯ ಕಂಬಕ್ಕೆ ಒರಗಿ ಕೂತು ಹಗಲು ಕಳೆಯುತ್ತಿದ್ದರು. ಕೈಗಳು ಮಡಿಲಲ್ಲಿ ಬೋರಲು ಬಿದ್ದಿರುತ್ತಿದ್ದವು. ಬೂದಿಯ ಬಣ್ಣ ಉಗುರುಗಳಿಂದ ಮೆಲ್ಲಮೆಲ್ಲನೆ ಹೋಗಿ ಅವು ಬೇರೆ ಯಾರದೋ ಕೈಗಳ ಹಾಗೆ ಕಾಣತೊಡಗಿದವು. ಮಾವನವರು ಒಂದೆರಡು ಸಲ, "ಬಾರೇ, ಬಾವಿ ತಾವ ನೆರಳೈತೆ, ಕೂತ್ಕ" ಎಂದು ಕರೆದು ನೋಡಿದರು. "ಅಲ್ಲೇನ್ ಐತೆ ನಂಗೆ?" ಎಂದರು ಅವರು.

ಒಂದು ದಿನ ಬಿಂದಿಗೆ ಬೆಳಗುತ್ತಿದ್ದೆ. ಹಿತ್ತಲ ಬಾಗಿಲಿನ ಅಗುಳಿ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ, ಗೋಡೆ ಸವರುತ್ತ ಬರುತ್ತಿದ್ದರು. ನಾನು ಏಳಲು ಹೋದೆ. ಬೇಡವೆಂದು ಕೈ ಆಡಿಸಿದರು. ಹತ್ತಿರ ಬಂದು ಬಗ್ಗಿ, ಬಿಂದಿಗೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು, ಸುತ್ತ ಸವರಿದರು, ಕತ್ತಿನವರೆಗೂ ಹೋದರು. ಬೆರಳನ್ನು ಮೂಗಿನ ಬಳಿ ಹಿಡಿದರು.

"ಕತ್ತಿನ್ ತಾವ ಹುಳಿ ಉಳ್ಕಂಡೈತೆ," ಎಂದರು. "ಸಂಜೆಗೆ ಮಂಕಾಗ್ತದೆ. ಇನ್ನೊಂದ್ ನೀರ್ ಹಾಕು."

ನಾನು ಎದ್ದು ಬಾವಿಗೆ ಹಗ್ಗ ಇಳಿಬಿಟ್ಟೆ. ನೀರು ಸೇದಿ ತಿರುಗುವಷ್ಟರಲ್ಲಿ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾವಿಕಟ್ಟೆ ಹಿಡಿದುಕೊಂಡು, ಕಲ್ಲಿನ ಆಚೆ ಮಗ್ಗುಲಲ್ಲಿ ಕೂತಿದ್ದರು.